ಹಿಡಿ ಬದಲಾಯಿಸಿದ ಚಾಕು

ಜನವರಿ ೧೧

ಮಾವನಿಗೆ,

ಈ ಕಾಗದ ಯಾರದಪ್ಪಾ ಎಂದು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀರಿ. ನಾನು ನಿಮ್ಮ ತಂಗಿಯ ಮಗಳು. ನೀವು ಕೊನೆಯ ಸಲ ನೋಡಿದಾಗ ನನಗೆ ಹನ್ನೊಂದು ವರ್ಷ. ಮೂಳೆ ಬಿಟ್ಟರೆ ಮೈಮೇಲೆ ಏನೂ ಇಲ್ಲವೆಂದು ‘ಕಡ್ಡಿ’ ಅಂತ ಹೆಸರಿಟ್ಟವರು ನೀವೇ. ಈಗ ಇಪ್ಪತ್ತು ತುಂಬಿದೆ. ಮೈ ಬದಲಾಯಿತು, ಹೆಸರು ಮಾತ್ರ ಬಿಡಲೊಲ್ಲದು.

ನೇರ ವಿಷಯಕ್ಕೆ ಬರುತ್ತೇನೆ. ಹೋದ ವಾರ ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದೆ. ದಿನಕ್ಕೆ ಆರುನೂರು ಊಟ. ನನ್ನದು ತರಕಾರಿ ಹೆಚ್ಚುವ ಮೇಜು. ಅಲ್ಲಿನ ಪದ್ಧತಿ ಏನೆಂದರೆ ಅವರವರ ಚಾಕು ಅವರವರೇ ತರಬೇಕು, ಇನ್ನೊಬ್ಬರದನ್ನು ಮುಟ್ಟುವಂತಿಲ್ಲ. ನಾನು ಪಾತ್ರೆ ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ ಕೆಂಪು ಹಿಡಿಯ ಚಾಕು ತೆಗೆದುಕೊಂಡು ಹೋದೆ. ನಮ್ಮ ಮುಖ್ಯ ಅಡುಗೆಯವರನ್ನು ಎಲ್ಲರೂ ಗಂಟೆಯಮ್ಮ ಎನ್ನುತ್ತಾರೆ, ಕಾಲು ಗಂಟೆಗೊಮ್ಮೆ ಹೊತ್ತೆಷ್ಟಾಯಿತು ಎಂದು ಕೂಗುತ್ತಾರೆ. ಅವರು ನನ್ನ ಈರುಳ್ಳಿ ರಾಶಿಯ ಮುಂದೆ ಬಂದು ನಿಂತರು. “ಏನೇ ಹುಡುಗಿ, ಇದು ಈರುಳ್ಳಿ ಹೆಚ್ಚಿರೋದಾ, ಇಲ್ಲಾ ಅದರ ಮೇಲೆ ಹಳೇ ಸೇಡು ತೀರಿಸ್ಕೊಂಡಿರೋದಾ? ಈ ಆಟದ ಸಾಮಾನು ಮನೇಲಿಟ್ಟು ಚಾಕು ಅನ್ನೋಂಥದ್ದು ತಗೊಂಡ್ ಬಾ” ಎಂದರು.

ಚಾಕು ಎಂದ ಕೂಡಲೇ ನಿಮ್ಮ ನೆನಪಾಯಿತು. ಚಿಕ್ಕವಳಿದ್ದಾಗ ನಿಮ್ಮ ಮನೆಯಲ್ಲಿ ಬಟ್ಟೆಯ ಸುರುಳಿ ಬಿಚ್ಚಿ ಒಂದೊಂದೇ ಚಾಕು ತೋರಿಸುತ್ತಿದ್ದಿರಿ, ಮುಟ್ಟಲು ಬಿಡುತ್ತಿರಲಿಲ್ಲ. ಈಗ ಕೇಳುತ್ತಿದ್ದೇನೆ: ಯಾವ ಚಾಕು ತೆಗೆದುಕೊಳ್ಳಲಿ?

ನಿಮ್ಮ ವಿಳಾಸ ಅಮ್ಮನ ಪೆಟ್ಟಿಗೆಯಲ್ಲಿ ಸಿಕ್ಕಿತು. ಮೂರು ಲಕೋಟೆಗಳನ್ನು ದಾರ ಕಟ್ಟಿ ಇಟ್ಟಿದ್ದಾಳೆ. ಮೂರೂ ಒಡೆದಿವೆ. ಒಳಗಿನದನ್ನು ನಾನು ಓದಲಿಲ್ಲ. ಇಬ್ಬರೂ ಯಾಕೆ ಮಾತು ಬಿಟ್ಟಿರಿ ಎಂದು ಅಮ್ಮನನ್ನು ಕೇಳಿದಾಗಲೆಲ್ಲ “ಒಲೆ ಮೇಲೆ ಏನಿದೆ ನೋಡು ಹೋಗು” ಅನ್ನುತ್ತಾಳೆ. ಒಲೆ ಮೇಲೆ ಏನೂ ಇರುವುದಿಲ್ಲ.

ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ.

ಅತ್ತೆಯನ್ನು ಕೇಳಿದೆ ಎನ್ನಿ.

ಕಡ್ಡಿ


ಜನವರಿ ೧೭

ಕಡ್ಡೀ,

ನಿನ್ನ ಕಾಗದ ಬಂದಾಗ ನಾನು ಮನೆಯಲ್ಲಿರಲಿಲ್ಲ. ನಿನ್ನ ಅತ್ತೆ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ನಾನು ಚಪ್ಪಲಿ ಬಿಡುವ ಮೊದಲೇ “ನಿಮ್ಮ ಕಡೆಯವರ ಕಾಗದ, ಬೇಗ ಓದಿ, ನನಗೂ ಓದಿ ಹೇಳಿ” ಎಂದಳು. ಎರಡು ಸಲ ಓದಿ ಹೇಳಿದೆ. ಮೂರನೇ ಸಲ ಅವಳೇ ಓದಿಕೊಂಡಳು.

ಒಂಬತ್ತು ವರ್ಷದಲ್ಲಿ ಆ ಮನೆಯಿಂದ ಬಂದ ಮೊದಲ ಅಕ್ಷರ ನಿನ್ನದು. ಇನ್ನು ಹೆಚ್ಚು ಹೇಳಲಾರೆ, ಹೇಳಹೊರಟರೆ ಚಾಕುವಿನ ವಿಷಯ ಮರೆತೇಹೋಗುತ್ತದೆ, ನಿನ್ನ ಗಂಟೆಯಮ್ಮ ನಿನ್ನನ್ನು ಬಿಡುವುದಿಲ್ಲ.

ಹೊಳಪು ನೋಡಿ ಮರುಳಾಗಬೇಡ. ಹೊಳೆಯುವ ಚಾಕು ಮಾತು ಜಾಸ್ತಿ ಆಡುವ ನೆಂಟನ ಹಾಗೆ, ಕೆಲಸದ ಹೊತ್ತಿಗೆ ಕೈಕೊಡುತ್ತದೆ. ಅಂಗಡಿಯವನಿಗೆ “ಕಪ್ಪಾಗುವ ಉಕ್ಕಿನದು ಕೊಡಿ” ಎನ್ನು. ಅವನು “ಅದು ತುಕ್ಕು ಹಿಡಿಯುತ್ತೆ ಅಮ್ಮಾ” ಎನ್ನುತ್ತಾನೆ. “ಒರೆಸಿ ಇಡೋಕೆ ನನಗೆ ಕೈ ಇದೆ” ಎನ್ನು. ಆಮೇಲೆ ಅಲಗು ಮತ್ತು ಹಿಡಿ ಸೇರುವ ಜಾಗವನ್ನು ಒಂದು ಬೆರಳಿನ ಮೇಲಿಟ್ಟು ನೋಡು. ಯಾವ ಕಡೆಗೂ ಬೀಳದೆ ನಿಂತರೆ ಅದು ನಿನ್ನದು. ನಾನು ನಲವತ್ತು ವರ್ಷ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದವನು, ಈ ಒಂದು ವಿಷಯದಲ್ಲಿ ನನ್ನ ಮಾತು ನಂಬಬಹುದು. ಕೊನೆಯದಾಗಿ, ಹಿಡಿದ ಮೇಲೆ ಕಣ್ಣು ಮುಚ್ಚಿ ಹತ್ತು ಎಣಿಸು. ಅಷ್ಟರಲ್ಲಿ ಕೈಯಲ್ಲಿ ಚಾಕು ಇದೆ ಎನ್ನುವುದು ಮರೆತುಹೋದರೆ ತೆಗೆದುಕೋ. ಮರೆಯದಿದ್ದರೆ ವಾಪಸಿಡು.

ನಿಮ್ಮಮ್ಮ ಹೇಗಿದ್ದಾಳೆ? ಮೊಣಕಾಲು ನೋವು ಎನ್ನುತ್ತಿದ್ದಳು.

ನಿನ್ನ ಮಾವ


ಫೆಬ್ರವರಿ ೬

ಮಾವನಿಗೆ,

ನಾಲ್ಕು ಅಂಗಡಿ ಹತ್ತಿ ಇಳಿದೆ. ಮೂರನೆಯ ಅಂಗಡಿಯಲ್ಲಿ ಕಣ್ಣು ಮುಚ್ಚಿ ಹತ್ತು ಎಣಿಸುತ್ತಿದ್ದಾಗ ಅಂಗಡಿಯವನು ಹೆದರಿ “ಏನಾಯ್ತಮ್ಮಾ, ನೀರು ಬೇಕಾ?” ಎಂದ. ನಾಲ್ಕನೆಯದರಲ್ಲಿ ಸಿಕ್ಕಿತು. ಆರೆಣಿಸುವಷ್ಟರಲ್ಲೇ ಮರೆತುಹೋಯಿತು. ಗಂಟೆಯಮ್ಮ ಅದನ್ನು ಕೈಗೆ ತೆಗೆದುಕೊಳ್ಳದೆ, ಪದ್ಧತಿ ಅಲ್ಲವೇ, ಬಗ್ಗಿ ಎರಡೂ ಕಡೆಯಿಂದ ನೋಡಿದರು. “ಹ್ಞೂಂ” ಎಂದರು. ಅವರ ಬಾಯಲ್ಲಿ ‘ಹ್ಞೂಂ’ ಬಂದರೆ ಅದು ಇಡೀ ವರ್ಷದ ಹೊಗಳಿಕೆಯಂತೆ, ಆಲೂಗಡ್ಡೆ ಮೇಜಿನ ಅಕ್ಕ ಹೇಳಿದಳು.

ಮನೆಗೆ ತಂದಾಗ ಅಮ್ಮನೂ ನೋಡಿದಳು. ಕೈಯಲ್ಲಿ ಹಿಡಿದು, ಬೆರಳ ಮೇಲಿಟ್ಟು ತೂಗಿದಳು. ನೀವು ಹೇಳಿದ ಹಾಗೇ! “ಯಾರು ಆರಿಸಿಕೊಟ್ಟಿದ್ದು?” ಎಂದು ಕೇಳಿದಳು. ಅಂಗಡಿಯವನು ಎಂದೆ. “ಅಂಗಡಿಯವನಿಗೆ ಇಷ್ಟು ಬುದ್ಧಿ ಇದ್ದಿದ್ರೆ ಅಂಗಡಿ ಯಾಕೆ ಇಟ್ಕೊಂಡಿರ್ತಿದ್ದ” ಎಂದು ಚಾಕು ವಾಪಸು ಕೊಟ್ಟಳು. ಮೊಣಕಾಲು ನೋವು ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ಮೆಟ್ಟಿಲಿಗೆ ಬೈಯುತ್ತಾಳೆ.

ಮಾವ, ಈ ಕಪ್ಪು ಉಕ್ಕಿನ ಚಾಕು ಹಿಡಿದ ಮೇಲೆ ನನಗೂ ಏನೋ ಹುಚ್ಚು ಹತ್ತಿದೆ. ಬೇರೆಯವರ ಮೇಜಿನ ಚಾಕುಗಳ ಮೇಲೇ ಕಣ್ಣು ಹೋಗುತ್ತದೆ. ನಿಮ್ಮ ಹತ್ತಿರ ಈಗ ಎಷ್ಟಿವೆ? ಅವನ್ನಿಟ್ಟುಕೊಂಡು ಏನು ಮಾಡುತ್ತೀರಿ? ಅಮ್ಮ ಒಮ್ಮೆ “ಹೆಚ್ಚೋಕೆ ಒಂದು ಚಾಕು ಸಾಕು, ಉಳಿದದ್ದೆಲ್ಲ ತೋರಿಸ್ಕೊಳ್ಳೋಕೆ” ಎಂದಿದ್ದಳು. ನಿಜವೇ?

ಕಡ್ಡಿ


ಫೆಬ್ರವರಿ ೧೫

ಕಡ್ಡೀ,

ನಿಮ್ಮಮ್ಮ ಹೇಳಿದ್ದು ಅರ್ಧ ನಿಜ. ತೋರಿಸಿಕೊಳ್ಳುವ ಆಸೆ ನನಗಿದೆ. ನೋಡುವವರು ಮಾತ್ರ ಸಿಗುವುದಿಲ್ಲ. ನಿನ್ನ ಅತ್ತೆ ಬೀರುವಿನ ಡ್ರಾಯರ್ ಎಳೆದ ಸದ್ದು ಕೇಳಿದರೆ ಸಾಕು, ಪಕ್ಕದ ಮನೆಯಲ್ಲಿ ಕೆಲಸವಿದೆ ಎಂದು ಎದ್ದು ಹೋಗುತ್ತಾಳೆ. ಹಾಗಾಗಿ ನೀನು ಕೇಳಿದೆಯಲ್ಲ, ಇನ್ನು ತಪ್ಪಿಸಿಕೊಳ್ಳಲಾರೆ. ಕೂತು ಓದು.

ಇರುವುದು ಅರವತ್ತೆಂಟು. ಒಂದೂ ಹೊಸದಲ್ಲ. ಕತ್ತಿ, ಬಾಕು, ಹೊಡೆದಾಟದ ಸಾಮಾನು ನನಗೆ ಬೇಡ. ದುಡಿದ ಚಾಕು ಮಾತ್ರ ಬೇಕು. ತಕ್ಕಡಿ ರಿಪೇರಿಯವನಿಗೆ ಎಲ್ಲ ಅಂಗಡಿಯ ಹಿಂಬಾಗಿಲೂ ತೆರೆದಿರುತ್ತದೆ. ಮೀನಿನ ಕಟ್ಟೆ, ಹಣ್ಣಿನ ಮಂಡಿ, ಅಂಚೆ ಕಚೇರಿ, ಚರ್ಮದ ಅಂಗಡಿ, ಎಲ್ಲ ಕಡೆಯೂ ನಾನು ತೂಕದ ಬಟ್ಟು ಹಿಡಿದು ನೆಲದ ಮೇಲೆ ಕೂತಿರುತ್ತಿದ್ದೆ. ನೆಲದ ಮೇಲೆ ಕೂತವನ ಕಣ್ಣಿಗೆ ಜನರ ಮುಖ ಕಾಣುವುದಿಲ್ಲ, ಕೈ ಕಾಣುತ್ತದೆ. ಕೈಯಲ್ಲಿ ಚಾಕು.

ನನ್ನ ಪದ್ಧತಿ ಸುಲಭ. ಯಾರಾದರೂ ಚಾಕು ಸವೆದು ಹೋಯಿತೆಂದು ಗೊಣಗಿದರೆ ಸಾಕು, ಅಂಥದ್ದೇ ಹೊಸದೊಂದನ್ನು ತಂದು ಮುಂದಿಟ್ಟು “ಹಳೇದು ನನಗೆ ಕೊಡಿ” ಎನ್ನುತ್ತೇನೆ. ಮೀನು ಮಾರುವಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲರ ತಕ್ಕಡೀನೂ ನೋಡ್ತೀರಾ, ಒಂದ್ಸಲ ನಿಮ್ಮ ತಲೆ ತೂಕಾನೂ ನೋಡ್ಕೊಳ್ಳಿ” ಎಂದಿದ್ದಳು. ಅವಳ ಚಾಕು ಈಗ ನನ್ನಲ್ಲಿದೆ. ಒದ್ದೆ ಕೈಗೆ ಜಾರದಿರಲೆಂದು ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದಾಳೆ. ಸುತ್ತು ಬಿಚ್ಚದ ಹಾಗೆ ತುದಿಯನ್ನು ಎಷ್ಟು ನಾಜೂಕಾಗಿ ಒಳಗೆ ಸೇರಿಸಿದ್ದಾಳೆಂದರೆ, ಐದು ವರ್ಷದಿಂದ ನೋಡುತ್ತಿದ್ದೇನೆ, ತುದಿ ಎಲ್ಲಿದೆ ಎಂದು ಇನ್ನೂ ಗೊತ್ತಾಗಿಲ್ಲ.

ಅಂಚೆ ಕಚೇರಿಯಲ್ಲಿ ಪಾರ್ಸಲ್ ಕಟ್ಟುವವರ ಚಾಕು ಒಂದಿದೆ. ಇಪ್ಪತ್ತೇಳು ವರ್ಷ ಅದು ಹುರಿ ಬಿಟ್ಟು ಬೇರೇನನ್ನೂ ಕತ್ತರಿಸಿಲ್ಲ. ಅಲಗಿನಲ್ಲಿ ಒಂದೇ ಕಡೆ, ಮೊನೆಯಿಂದ ಎರಡು ಬೆರಳು ಹಿಂದೆ, ಉಗುರು ಕೂರುವಷ್ಟು ಸವೆದ ಕಚ್ಚು. ಅಷ್ಟು ವರ್ಷ, ಅಷ್ಟು ಗಂಟು, ಆ ಮನುಷ್ಯ ಪ್ರತಿ ಸಲವೂ ಹುರಿಯನ್ನು ಅದೇ ಜಾಗಕ್ಕೆ ಕೊಟ್ಟಿದ್ದಾನೆ! ದರ್ಜಿಯೊಬ್ಬರ ಹೊಲಿಗೆ ಬಿಚ್ಚುವ ಚಾಕು ಇದೆ, ಎಡಗೈಯವರದು. ಬಲಗೈಯಲ್ಲಿ ಹಿಡಿದರೆ ಯಾರದೋ ಚಪ್ಪಲಿ ಮೆಟ್ಟಿದ ಹಾಗೆ. ಮೇಷ್ಟರೊಬ್ಬರ ಪೆನ್ಸಿಲ್ ಚಾಕು ಕಿರುಬೆರಳುದ್ದ, ಬಿಚ್ಚಿದರೆ ಇವತ್ತಿಗೂ ಪೆನ್ಸಿಲ್ ಮರದ ವಾಸನೆ. ಇನ್ನು ತೋಟದವನ ಕಸಿ ಚಾಕು. ಮಡಿಚಿದರೆ ‘ಟಕ್’ ಎನ್ನುತ್ತದೆ. ಆ ‘ಟಕ್’ ಕೇಳುವುದಕ್ಕಾಗಿಯೇ ದಿನಕ್ಕೊಮ್ಮೆ ಬಿಚ್ಚಿ ಮಡಿಚುತ್ತೇನೆ. ಮನಸ್ಸು ಸರಿಯಿಲ್ಲದಿದ್ದರೆ ಎರಡು ಸಲ.

ತಿಂಗಳ ಮೊದಲ ಭಾನುವಾರ ನನಗೆ ಎಣ್ಣೆಯ ದಿನ. ಕಿಟಕಿಯ ಹತ್ತಿರ ಹಳೇ ಬೆಡ್‌ಶೀಟ್ ಹಾಸಿ, ಒಂದೊಂದನ್ನೇ ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಮಲಗಿಸುವುದು. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿದ್ದೇನೆ: ಯಾರ ಚಾಕು, ಏನು ಕೆಲಸ, ಎಷ್ಟು ವರ್ಷ. ಬೆಳಿಗ್ಗೆ ಕೂತವನು ಏಳುವಾಗ ಊಟದ ಹೊತ್ತು ಮೀರಿರುತ್ತದೆ. ಆ ನಾಲ್ಕು ಗಂಟೆ ನನಗೆ ಯಾರ ಮೇಲೂ ಸಿಟ್ಟಿರುವುದಿಲ್ಲ, ಮೈಯಲ್ಲಿ ಯಾವ ನೋವೂ ಇರುವುದಿಲ್ಲ. ಇಷ್ಟು ಸಾಕಲ್ಲವೇನೇ ಒಂದು ಹುಚ್ಚಿಗೆ?

ನಿಮ್ಮಮ್ಮ ಅದನ್ನು ಬೆರಳ ಮೇಲೆ ತೂಗಿದಳು ಎಂದೆಯಲ್ಲ, ಆ ಸಾಲನ್ನು ನಿನ್ನ ಅತ್ತೆಗೆ ನಾಲ್ಕು ಸಲ ಓದಿ ಹೇಳಿದೆ. ಅದನ್ನು ನಮ್ಮಿಬ್ಬರಿಗೂ ಕಲಿಸಿದ್ದು ಅಪ್ಪ, ಅಂದರೆ ನಿನ್ನ ತಾತ.

ನಿನ್ನ ಮಾವ


ಮಾರ್ಚ್ ೩

ಮಾವನಿಗೆ,

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಮೇಜಿನವರಿಗೆಲ್ಲ ಓದಿ ಹೇಳಿದೆ. ಅಂಚೆಯವರ ಕಚ್ಚಿನ ಸಂಗತಿ ಕೇಳಿ ಗಂಟೆಯಮ್ಮ ಹೊತ್ತು ನೋಡುವುದನ್ನೇ ಮರೆತರು. ನಂಬಿ.

ಆದರೆ ನನಗೊಂದು ಅರ್ಥವಾಗಲಿಲ್ಲ. ನಲವತ್ತು ವರ್ಷ ರಿಪೇರಿ ಮಾಡಿದ ಕೈ ನಿಮ್ಮದು. ತುಕ್ಕು ತೆಗೆದು, ಉಜ್ಜಿ, ಅಲ್ಲಾಡುವ ಹಿಡಿ ಬದಲಾಯಿಸಿ ಇಟ್ಟರೆ ಎಷ್ಟು ಚೆಂದ ಕಂಡಾವು! ನೀವು ಬರೀ ಎಣ್ಣೆ ಒರೆಸಿ ಮಲಗಿಸುತ್ತೀರಿ. ಯಾಕೆ? ಬೇಕಾದರೆ ರಜೆಯಲ್ಲಿ ಬಂದು ನಾನೇ ಉಜ್ಜಿಕೊಡುತ್ತೇನೆ.

ಕಡ್ಡಿ


ಮಾರ್ಚ್ ೨೯

ಕಡ್ಡೀ,

ಉತ್ತರ ತಡವಾಯಿತು. ನೀನು ಕೇಳಿದ್ದು ಸಣ್ಣ ಪ್ರಶ್ನೆ. ನಾನೇ ಅದನ್ನು ಇಷ್ಟು ದಿನ ಸುತ್ತುಹಾಕುತ್ತಿದ್ದೆ.

ನಿನ್ನ ತಾತ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಮೂವತ್ತನಾಲ್ಕು ವರ್ಷ ಅಡುಗೆ ಮಾಡಿದವರು. ಒಂದೇ ಚಾಕು. ಶುರುವಿನಲ್ಲಿ ಅದರ ಅಲಗು ಮೂರು ಬೆರಳಗಲ ಇತ್ತಂತೆ. ನಮಗೆ ಬುದ್ಧಿ ಬರುವಷ್ಟರಲ್ಲಿ ಸಾಣೆ ಹಿಡಿದು ಹಿಡಿದು ಒಂದೂವರೆ ಬೆರಳಾಗಿತ್ತು. ಹಿಡಿಯಲ್ಲಿ ಅಪ್ಪನ ಹೆಬ್ಬೆರಳು ಕೂತು ಕೂತು ಒಂದು ಗುಳಿ ಬಿದ್ದಿತ್ತು. ನಾನು ಶಾಲೆ ಬಿಟ್ಟ ಕೂಡಲೇ ಬೀದಿ ಸುತ್ತುತ್ತಿದ್ದೆ. ನಿಮ್ಮಮ್ಮ ನೇರವಾಗಿ ಅಪ್ಪನ ಅಡುಗೆಮನೆಗೆ ಹೋಗುತ್ತಿದ್ದಳು. ಬಕೆಟ್ ಬೋರಲು ಹಾಕಿ ಕೂತು, ಅಪ್ಪ ಬಿಡುವು ಕೊಟ್ಟಾಗ ಆ ಚಾಕು ಹಿಡಿದು ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವಳ ಪುಟ್ಟ ಹೆಬ್ಬೆರಳು ಆ ಗುಳಿಯಲ್ಲಿ ಮುಳುಗಿಹೋಗುತ್ತಿತ್ತು. “ಅಪ್ಪನ ಬೆರಳು ನನ್ನ ಬೆರಳನ್ನ ಹಿಡ್ಕೊಂಡಿದೆ” ಎನ್ನುತ್ತಿದ್ದಳು.

ಅಪ್ಪ ಹೋದ ಮೇಲೆ ಚಾಕು ಅವಳ ಹತ್ತಿರ ಇತ್ತು. ನ್ಯಾಯವಾಗಿಯೇ ಇತ್ತು. ಒಂಬತ್ತು ವರ್ಷದ ಹಿಂದೆ ಹಿಡಿಯ ಒಂದು ಮೊಳೆ ಸಡಿಲವಾಯಿತೆಂದು ನನಗೆ ತಂದುಕೊಟ್ಟಳು. “ಅಣ್ಣಾ, ಒಂದು ಮೊಳೆ ಬಿಗಿ ಮಾಡಿಕೊಡು.” ಅಷ್ಟೇ ಹೇಳಿದ್ದು.

ಆಗ ನನಗೆ ಚಾಕು ಕೂಡಿಡುವ ಹುಚ್ಚು ಹೊಸದು. ಏಳೇ ಏಳು ಚಾಕು ಇದ್ದವು, ಏಳನ್ನೂ ಕನ್ನಡಿಯ ಹಾಗೆ ಉಜ್ಜಿದ್ದೆ. ರಿಪೇರಿಯವನ ರೋಗ ನಿನಗೆ ಗೊತ್ತಿಲ್ಲ. ಒಂದು ತಕ್ಕಡಿಯ ಮುಳ್ಳು ಸರಿಮಾಡಲು ಕೊಟ್ಟರೆ ಸರಪಣಿಯನ್ನೂ ತೊಳೆದು, ತಟ್ಟೆಯನ್ನೂ ತಟ್ಟಿ, ಹೊಸದರ ಹಾಗೆ ಮಾಡಿ ಕೊಡದಿದ್ದರೆ ಕೈ ಕೇಳುವುದಿಲ್ಲ. ಅಂಗಡಿಯವರು ಅದಕ್ಕೇ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ತಂಗಿಯನ್ನು ಆಶ್ಚರ್ಯಪಡಿಸೋಣ ಎಂದು ಹತ್ತು ದಿನ ಕೂತೆ. ಅಲಗಿನ ಕಪ್ಪೆಲ್ಲ ತೆಗೆದೆ. ಬಾಗಿದ ಬಾಯಿಯನ್ನು ನೇರ ಮಾಡಿದೆ. ಒಳ್ಳೆಯ ಕರಿಮರದಲ್ಲಿ ಹೊಸ ಹಿಡಿ ಕೆತ್ತಿ, ಮೂರು ಹಿತ್ತಾಳೆ ಮೊಳೆ ಹಾಕಿದೆ. ಹಳೇ ಹಿಡಿಯನ್ನು ನೀರೊಲೆಗೆ ಹಾಕಿದೆ.

ಅವಳು ಬಂದು ಪೊಟ್ಟಣ ಬಿಚ್ಚಿದಳು. ಕೈಗೆ ತೆಗೆದುಕೊಂಡಳು. ಅವಳ ಹೆಬ್ಬೆರಳು ಹಿಡಿಯ ಮೇಲೆ ಮೇಲಕ್ಕೂ ಕೆಳಕ್ಕೂ ಏನನ್ನೋ ಹುಡುಕುತ್ತಿತ್ತು. ನಾನು ನಗುತ್ತಾ ನಿಂತಿದ್ದೆ. “ಹಳೇ ಹಿಡಿ ಎಲ್ಲಿ?” ಎಂದಳು. “ಅದು ಕೊಳೆತಿತ್ತಲ್ಲೇ, ಒಲೆಗೆ ಹಾಕ್ದೆ” ಎಂದೆ. ಚಾಕುವನ್ನು ಮೊದಲಿನ ಹಾಗೇ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಒಳಗೆ ಹೋಗಿ “ಬರ್ತೀನಿ ಅತ್ತಿಗೆ” ಎಂದಳು. ನನಗೆ ಏನೂ ಹೇಳಲಿಲ್ಲ. ಅವತ್ತಿನಿಂದ ಹೇಳಿಲ್ಲ.

ಆಮೇಲೆ ನಾನು ಯಾವ ಚಾಕುವನ್ನೂ ಉಜ್ಜಿಲ್ಲ. ಎಣ್ಣೆ ಒರೆಸುವುದು, ಚೀಟಿ ಕಟ್ಟುವುದು, ಅಷ್ಟೇ. ಆ ಚಾಕುವನ್ನು ಅವಳು ಎಲ್ಲಿ ಎಸೆದಳೋ ಗೊತ್ತಿಲ್ಲ. ಎಸೆದಿದ್ದರೂ ತಪ್ಪಲ್ಲ. ನನಗೆ ಈಗ ಎಪ್ಪತ್ತೊಂದು, ಅವಳಿಗೆ ಅರವತ್ತನಾಲ್ಕು. ಅವಳು ಒಮ್ಮೆ ಈ ಮನೆಗೆ ಬಂದು, ಆ ಕುರ್ಚಿಯ ಮೇಲೆ ಕೂತು, ನನ್ನನ್ನು ಬೈದರೂ ಸರಿ, ಅದನ್ನು ಕೇಳಬೇಕು ಎಂದು ಆಸೆ. ಬೇರೆ ಯಾವ ಆಸೆಯೂ ನನಗೆ ಬಾಕಿ ಇಲ್ಲ.

ನೀನು ಬಾ, ಉಜ್ಜಬೇಡ.

ನಿನ್ನ ಮಾವ


ಏಪ್ರಿಲ್ ೮

ಮಾವ,

ಕೂತಿದ್ದೀರಾ? ಕೂತುಕೊಳ್ಳಿ.

ಕರಿಮರದ ಹಿಡಿ, ಮೂರು ಹಿತ್ತಾಳೆ ಮೊಳೆ, ಸಪೂರ ಅಲಗು. ಆ ಚಾಕು ನಮ್ಮ ಅಡುಗೆಮನೆಯಲ್ಲಿದೆ! ಎಷ್ಟೋ ವರ್ಷದಿಂದ ಅಮ್ಮ ಅದರಲ್ಲೇ ಹೆಚ್ಚುತ್ತಾಳೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಬೇರೆ ಯಾರೂ ಮುಟ್ಟುವಂತಿಲ್ಲ. ನನಗೆ ಪಾತ್ರೆ ಅಂಗಡಿಯ ಚಾಕುವೇ ಗತಿಯಾಗಿತ್ತು, ಅದಕ್ಕೇ ಆ ಕೆಂಪು ಹಿಡಿಯದನ್ನು ಕೆಲಸಕ್ಕೆ ಒಯ್ದದ್ದು. ಅದು ತಾತನದೆಂದು ಯಾರೂ ಹೇಳಿರಲಿಲ್ಲ. ನಿಮ್ಮ ಕಾಗದ ಓದಿ ಎದ್ದು ಹೋಗಿ ನೋಡಿದೆ. ಅಲಗು ಮತ್ತೆ ಕಪ್ಪಾಗಿದೆ. ಮೊಳೆಗಳು ಸವೆದು ಮರಕ್ಕೆ ಸಮವಾಗಿವೆ. ಹೆಬ್ಬೆರಳು ಕೂರುವಲ್ಲಿ ಒಂದು ತಗ್ಗು ಶುರುವಾಗಿದೆ, ಬೆಳಕಿಗೆ ಹಿಡಿದರೆ ಕಾಣುವಷ್ಟು. ನನ್ನ ಬೆರಳಿಟ್ಟು ನೋಡಿದೆ. ಹೊಂದಲಿಲ್ಲ. ಅದು ಅಮ್ಮನದು.

ಇಟ್ಟು ತಿರುಗಿದರೆ ಅಮ್ಮ ಬಾಗಿಲಲ್ಲಿ.

“ಏನು ಹುಡುಕ್ತಿದ್ದೀಯ?”

ಏನೂ ಇಲ್ಲ ಎಂದೆ.

“ಮೂರು ತಿಂಗಳಿಂದ ಅಂಚೆಯವನಿಗೆ ನಮ್ಮನೆ ಮೇಲೆ ಯಾಕೆ ಇಷ್ಟು ಪ್ರೀತಿ ಅಂತ ನನಗೆ ತಿಳಿಯಲ್ಲ ಅಂದ್ಕೊಂಡ್ಯಾ? ನಮ್ಮಣ್ಣನ ಅಕ್ಷರ ನನಗೆ ಗೊತ್ತಿಲ್ವಾ? ಕಾಗದ ಬಂದಾಗೆಲ್ಲ ನಿನ್ನ ಕಪಾಟಿನ ಮೇಲೆ ಇಡ್ತಿದ್ದೋಳು ಯಾರು, ಬೆಕ್ಕಾ?”

ಸಿಕ್ಕಿಬಿದ್ದ ಮೇಲೆ ಧೈರ್ಯ ತಾನಾಗಿ ಬರುತ್ತದೆ. “ಅಷ್ಟು ಸಿಟ್ಟಿದ್ದೋಳು ಆ ಚಾಕೂನ ದಿನಾ ಯಾಕೆ ಹಿಡೀತೀಯಮ್ಮ?” ಎಂದು ಕೇಳಿಬಿಟ್ಟೆ.

“ಚಾಕು ಮೇಲೆ ಸಿಟ್ಟು ಯಾಕೆ? ಪಾಪ ಅದೇನು ಮಾಡಿತ್ತು?” ಎಂದಳು. ಪೆಟ್ಟಿಗೆಯಿಂದ ಆ ಮೂರು ಲಕೋಟೆ ತಂದು ನನ್ನ ಮುಂದೆ ಹಾಕಿದಳು. “ಓದು. ಓದಿ, ಅದರಲ್ಲಿ ಏನಿಲ್ಲ ಅಂತ ನೀನೇ ಹೇಳು.”

ಓದಿದೆ ಮಾವ. ಮೊದಲನೆಯದರಲ್ಲಿ ಹಳೇ ಮರಕ್ಕೆ ಹುಳ ಹಿಡಿದಿತ್ತು ಎಂದು ಎರಡು ಪುಟ. ಎರಡನೆಯದರಲ್ಲಿ ಕರಿಮರ ಯಾಕೆ ಗಟ್ಟಿ, ಹಿತ್ತಾಳೆ ಯಾಕೆ ತುಕ್ಕು ಹಿಡಿಯುವುದಿಲ್ಲ, ಚಿತ್ರ ಸಮೇತ. ಮೂರನೆಯದರಲ್ಲಿ, ಇಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ನಿನಗೆ ಯಾಕೆ ಸಿಟ್ಟು ಎಂದು ನೀವೇ ಸಿಟ್ಟಾಗಿದ್ದೀರಿ. ತಪ್ಪಾಯಿತು ಎನ್ನುವ ಒಂದು ಮಾತು ಎಲ್ಲೂ ಇಲ್ಲ.

ಅಮ್ಮನಿಗೆ ಹಾಗೆ ಹೇಳಿದೆ. ಅವಳು ಲಕೋಟೆಗಳಿಗೆ ಮತ್ತೆ ದಾರ ಕಟ್ಟುತ್ತಾ, “ನಿನಗೆ ಅರ್ಧ ಗಂಟೇಲಿ ಕಂಡಿದ್ದು ಅವನಿಗೆ ಒಂಬತ್ತು ವರ್ಷ ಬೇಕಾ?” ಎಂದಳು.

ನನ್ನ ಮಾತು ಹೆಚ್ಚಾಗಿದ್ದರೆ ಕ್ಷಮಿಸಿ.

ಕಡ್ಡಿ


ಏಪ್ರಿಲ್ ೧೯

ಕಡ್ಡೀ,

ನಿನ್ನ ಮಾತು ಹೆಚ್ಚಾಗಲಿಲ್ಲ. ಸರಿಯಾದ ತೂಕದ್ದೇ ಇತ್ತು.

ಅವತ್ತೇ ಬರೆಯಲು ಕೂತೆ. ‘ತಂಗೀ, ತಪ್ಪಾಯಿತು’ ಎಂದು ಬರೆದೆ. ಅದರ ಮುಂದೆ ಕೈ ತಾನಾಗಿ ‘ಆದರೆ’ ಎಂದು ಬರೆಯಿತು. ಹರಿದೆ. ಮತ್ತೆ ಬರೆದೆ, ಮತ್ತೆ ‘ಆದರೆ’. ‘ಆದರೂ’ ಎಂದು ಬದಲಿಸಿ ನೋಡಿದೆ, ಅದೂ ಅದೇ ಜಾತಿ. ಆರು ಹಾಳೆ ಹೋದವು. ನಿನ್ನ ಅತ್ತೆ ಹೊಲಿಗೆಯಿಂದ ತಲೆ ಎತ್ತಿ, “ಏನ್ರೀ ಅದು, ಕಾಗದ ಬರೀತಿದ್ದೀರೋ, ಮೇಕೆಗೆ ಮೇವು ಮಾಡ್ತಿದ್ದೀರೋ?” ಎಂದಳು. ಏಳನೆಯ ಹಾಳೆ ಓದಿ ಹೇಳಿದೆ. ‘ಆದರೆ ಹುಳ ಹಿಡಿದಿದ್ದು ನಿಜ’ ಎನ್ನುವಲ್ಲಿಗೆ ಬಂದಾಗ ಎದ್ದು ಬಂದು ಹಾಳೆ ಕಿತ್ತುಕೊಂಡು, ಬಟ್ಟೆಯ ಕತ್ತರಿಯಿಂದ ‘ಆದರೆ’ಯ ಮೇಲ್ಗಡೆ ನೇರವಾಗಿ ಕತ್ತರಿಸಿದಳು. ಕೆಳಗಿನ ಭಾಗವನ್ನು ಕಸಕ್ಕೆ ಹಾಕಿ, “ಇಷ್ಟನ್ನ ಲಕೋಟೆಗೆ ಹಾಕಿ” ಎಂದಳು.

ಹಾಕಿದೆ. ನಿನ್ನೆ ಅಂಚೆಗೆ ಹೋಯಿತು. ಅಷ್ಟು ಸಣ್ಣ ಕಾಗದವನ್ನು ನಾನು ಜನ್ಮದಲ್ಲಿ ಯಾರಿಗೂ ಬರೆದಿಲ್ಲ. ಲಕೋಟೆ ಒಳಗೆ ಏನೂ ಇಲ್ಲದ ಹಾಗೆ ಹಗುರವಾಗಿತ್ತು.

ಅವಳು ಮಾಡಿಕೊಂಡ ತಗ್ಗಿನ ವಿಷಯ ಬರೆದಿದ್ದೀಯಲ್ಲ, ಅದನ್ನು ಎಷ್ಟು ಸಲ ಓದಿದೆನೋ. ಮುಂದಿನ ಎಣ್ಣೆಯ ದಿನ ಬರುವ ಮೊದಲೇ ಅರವತ್ತೆಂಟನ್ನೂ ಇನ್ನೊಮ್ಮೆ ತೆಗೆದು ಹಿಡಿಗಳನ್ನೇ ನೋಡುತ್ತಾ ಕೂತಿದ್ದೆ.

ನಿನ್ನ ಮಾವ


ಏಪ್ರಿಲ್ ೧೮

ತಂಗೀ,

ತಪ್ಪಾಯಿತು. ನೀನು ಒಂದು ಮೊಳೆ ಬಿಗಿ ಮಾಡು ಎಂದೆ. ನಾನು ಅಪ್ಪನ ಹಿಡಿಯನ್ನು ಒಲೆಗೆ ಹಾಕಿದೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಅಣ್ಣ


ಜೂನ್ ೨

ಅಣ್ಣಾ,

ಕಾಗದ ಬಂತು. ಕೆಳಗಡೆ ಯಾರೋ ಕತ್ತರಿಸಿದ್ದಾರೆ. ಅಷ್ಟು ನೇರವಾಗಿ ಕತ್ತರಿಸುವ ಕೈ ಆ ಮನೆಯಲ್ಲಿ ಒಂದೇ, ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಅದರ ಕೆಳಗೆ ಏನು ಬರೆದಿದ್ದೆ ಎನ್ನುವುದೂ ನನಗೆ ಗೊತ್ತು. ಹುಳದ ವಿಷಯ.

ಉತ್ತರಕ್ಕೆ ಆರು ವಾರ ತೆಗೆದುಕೊಂಡೆ. ಅಷ್ಟೂ ದಿನ ಬೇಕೆಂದೇ ಕಾಯಿಸಿದೆ. ನನಗೂ ಒಂದು ಹೇಳುವುದಿದೆ, ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ನೀನು ಹಾಕಿದ ಹಿಡಿ ಚೆನ್ನಾಗಿದೆ. ಒಂಬತ್ತು ವರ್ಷದಲ್ಲಿ ಒಂದು ದಿನ ಅಲ್ಲಾಡಿಲ್ಲ. ಇದನ್ನು ಮೊದಲ ವರ್ಷವೇ ಹೇಳಬಹುದಿತ್ತು. ಹೇಳಿದರೆ ಗೆದ್ದೆ ಎಂದುಕೊಳ್ಳುತ್ತೀಯ ಎಂದು ಹೇಳಲಿಲ್ಲ. ಈಗಲೂ ಗೆದ್ದೆ ಎಂದುಕೊಳ್ಳಬೇಡ.

ಅಪ್ಪನ ಹಿಡಿ ನನಗೆ ಈಗಲೂ ಬೇಕು. ಅದು ಸಿಗುವುದಿಲ್ಲ. ಅದನ್ನು ನೀನು ಸರಿಮಾಡಲು ಹೋಗಬೇಡ.

ಕಡ್ಡಿ ನಿನ್ನ ಕಾಗದಗಳನ್ನೆಲ್ಲ ನನಗೆ ಓದಿ ಹೇಳಿದಳು. ಆ ಅಂಚೆಯವರ ಚಾಕು ನೋಡಬೇಕು. ಬರುವ ಭಾನುವಾರ ಬರುತ್ತೇನೆ. ಮೆಟ್ಟಿಲು ಹತ್ತುವುದು ನಿಧಾನ, ಮೇಲಿಂದ ನಿಂತು “ಬಾ ಬಾ” ಎಂದು ಅವಸರ ಮಾಡಬೇಡ.

ತಂಗಿ


ಜೂನ್ ೧೦

ಕಡ್ಡೀ,

ನಿಮ್ಮಮ್ಮ ಬಂದಿದ್ದಳು. ನೀನು ಕೆಲಸದ ಮೇಲಿದ್ದೆ, ಹಾಗಾಗಿ ಎಲ್ಲವನ್ನೂ ಬರೆಯುತ್ತಿದ್ದೇನೆ. ಅವಳು ಹೇಳುವುದರ ಜೊತೆ ತಾಳೆ ಹಾಕಿ ನೋಡು.

ಮೆಟ್ಟಿಲಿನಲ್ಲಿ ಅವಳ ಸದ್ದು ಕೇಳಿದ ಕೂಡಲೇ ನಾನು ಬಾಗಿಲ ಒಳಗೇ ನಿಂತುಕೊಂಡೆ, ‘ಬಾ ಬಾ’ ಎನ್ನಬಾರದಲ್ಲ. ಮೂವತ್ತೆರಡು ಮೆಟ್ಟಿಲು. ಹದಿನೆಂಟರಲ್ಲಿ ನಿಂತಳು, ಮೆಟ್ಟಿಲಿಗೆ ಬೈದಳು, ಹತ್ತಿದಳು. ಒಳಗೆ ಬಂದವಳು ನನ್ನನ್ನು ನೋಡಿ, “ಕೂದಲೆಲ್ಲ ಎಲ್ಲಿ ಹೋಯ್ತೋ ಅಣ್ಣಾ?” ಎಂದಳು. ಒಂಬತ್ತು ವರ್ಷದ ಮೇಲೆ ಮೊದಲ ಮಾತು ಅದು. ಒಳಗಿನಿಂದ ನಿನ್ನ ಅತ್ತೆ, “ಅದನ್ನೂ ಹೊಸದು ಮಾಡ್ತೀನಿ ಅಂತ ಉಜ್ಜಿದ್ರು” ಎಂದಳು. ಇಬ್ಬರೂ ಸೇರಿ ನಕ್ಕರು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಬಂದೆ.

ಅವಳನ್ನು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ಮೊಣಕಾಲಿಗೆ ಸ್ಟೂಲು ಕೊಟ್ಟು, ಮೊದಲ ಡ್ರಾಯರ್ ಎಳೆದೆ. ಹನ್ನೆರಡು ಚಾಕು. ಅಂಚೆಯವರ ಕಚ್ಚನ್ನು ಅವಳು ಉಗುರಿನಿಂದ ಮುಟ್ಟಿ, “ಒಂದೇ ಜಾಗ” ಎಂದಳು. ಎಡಗೈ ದರ್ಜಿಯ ಚಾಕುವನ್ನು ತೆಗೆದುಕೊಂಡ ಕೂಡಲೇ ಎಡಗೈಗೆ ಬದಲಿಸಿಕೊಂಡಳು, ನಾನು ಹೇಳುವ ಮೊದಲೇ! ಕಸಿ ಚಾಕುವನ್ನು ಐದಾರು ಸಲ ‘ಟಕ್’ ಎನ್ನಿಸಿ, ತೋಟದವನು ಒಳ್ಳೆಯವನಿರಬೇಕು ಎಂದಳು. ಹೇಗೆ ಗೊತ್ತು ಎಂದೆ. “ಕೆಟ್ಟೋನಾಗಿದ್ರೆ ನಿನಗೆ ಕೊಡ್ತಿರ್ಲಿಲ್ಲ” ಎಂದಳು. ಮೀನಿನವಳ ಟ್ಯೂಬಿನ ತುದಿಯನ್ನು ಅವಳೂ ಹುಡುಕಿದಳು. ಸಿಗಲಿಲ್ಲ. ಅವಳಿಗೂ ಸಿಗಲಿಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತು ಎಂದರೆ ನಾಚಿಕೆಯಾಗಬೇಕು.

ನಡುವೆ ಒಮ್ಮೆ ನಾನು ಬಾಯಿ ತೆರೆದೆ. “ಅವತ್ತು ನಾನು ಏನು ಅಂದ್ಕೊಂಡಿದ್ದೆ ಅಂದ್ರೆ—” ಎಂದು ಶುರು ಮಾಡಿದ್ದೇ ತಡ, ಅವಳು ಅಡುಗೆಮನೆಯ ಕಡೆ ತಿರುಗಿ “ಅತ್ತಿಗೇ, ಕತ್ತರಿ ಇದೆಯಾ?” ಎಂದಳು. ನಾನು ಬಾಯಿ ಮುಚ್ಚಿದೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಹನ್ನೆರಡನೆಯ ಚಾಕು ಮಲಗಿಸಿ ಎರಡನೆಯ ಡ್ರಾಯರಿಗೆ ಕೈಹಾಕಿದರೆ, ಬೇಡ ಎಂದು ತಡೆದಳು. ಕಾಲು ನೋವೇನೇ ಎಂದೆ. “ಕಾಲಿಗೇನಾಗಿದೆ? ಎಲ್ಲಾನೂ ಇವತ್ತೇ ನೋಡಿ ಮುಗಿಸಿದ್ರೆ ಆಮೇಲೆ ಯಾತಕ್ಕೆ ಬರ್ಲಿ? ಒಂದು ಸಲಕ್ಕೆ ಒಂದೇ ಡ್ರಾಯರ್. ಎಷ್ಟು ಡ್ರಾಯರ್ ಇವೆ?”

“ಒಂಬತ್ತು” ಎಂದೆ.

ಒಳಗೆ ನಿನ್ನ ಅತ್ತೆಗೆ ಕೆಮ್ಮು ಬಂತು.

“ಒಂಬತ್ತು ಸರಿ” ಎಂದು ನಿಮ್ಮಮ್ಮ ಸ್ಟೂಲಿನಿಂದ ಕಾಲು ಇಳಿಸಿ, ಚಪ್ಪಲಿ ಹುಡುಕತೊಡಗಿದಳು. “ತಿಂಗಳಿಗೊಂದು ನೋಡಿದ್ರೆ ಈ ವರ್ಷ ಕಳೆಯುತ್ತೆ.” ನಾನು ಮೆಟ್ಟಿಲ ಕೆಳಗಿನವರೆಗೂ ಜೊತೆಗೆ ಇಳಿದೆ. ಒಂದೊಂದೇ ಮೆಟ್ಟಿಲು, ಅವಳ ಕೈ ನನ್ನ ಭುಜದ ಮೇಲೆ.

ಈಗ ನಿನ್ನಿಂದ ಒಂದು ಸಹಾಯ ಬೇಕು, ಅಮ್ಮನ ಕಿವಿಗೆ ಬೀಳಬಾರದು. ಇರುವುದು ಆರೇ ಡ್ರಾಯರ್. ಬಡಗಿಗೆ ಇನ್ನು ಮೂರು ಹೇಳಿ ಬಂದಿದ್ದೇನೆ, ಅವನು ಡಿಸೆಂಬರ್ ಹೊತ್ತಿಗೆ ಕೊಡುತ್ತಾನಂತೆ. ಅದನ್ನು ತುಂಬಲು ಕಮ್ಮಿ ಎಂದರೂ ಮೂವತ್ತು ಚಾಕು ಬೇಕು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಮತ್ತೆ ಎಲ್ಲ ಅಂಗಡಿಗಳ ಹಿಂಬಾಗಿಲು ತಟ್ಟಲು ಶುರು ಮಾಡಿದ್ದೇನೆ. ಗುರುವಾರ ಹಣ್ಣಿನ ಮಂಡಿ, ಶುಕ್ರವಾರ ಚರ್ಮದವರ ಓಣಿ. ನಿನ್ನ ಗಂಟೆಯಮ್ಮನ ಚಾಕು ಎಷ್ಟು ಸವೆದಿದೆ? ಮೆಲ್ಲಗೆ ವಿಚಾರಿಸು. ಹೊಸದು ನಾನು ಕೊಡುತ್ತೇನೆ.

ಬೇಗ ಬರೆ,

ನಿನ್ನ ಮಾವ